ಶಿಶುನಾಳದ ಶರೀಫ ಸಾಹೇಬರು

ಮನೆಯ ಸೂರು ಸೋರುವುದೆಂದರೇನೆಂಬುದನ್ನು ಸಕಲೇಶಪುರ, ಆಲೂರಿನ ಬೆಟ್ಟಸಾಲಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆ ಹಿಡಿದ ಮೇಲೆ ಹೆಂಚು ಸರಿಪಡಿಸಲು ಆಳೂ ಸಿಗುವುದಿಲ್ಲ. ಈ ಸಂಕಟವನ್ನೇ ಮನುಷ್ಯನ ಅಜ್ಞಾನಕ್ಕೆ ರೂಪಕವಾಗಿಸಿ ಹಾಡಿದ ಸಂತ ಶಿಶುನಾಳ ಶರೀಫರು ಬಯಲುನಾಡಿನವರಾದರೂ, ಅವರ ಹಾಡು ನಮ್ಮ ತೋಟದ ಲೈನುಮನೆಗಳಿಗೂ ಹೊಸದಲ್ಲ. ಅವರ ಬಾಳನ್ನು ಈ ವಾರ ಸ್ಮರಿಸಬಯಸುತ್ತೇವೆ.

ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಇಮಾಮ್ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳಿಗೆ ಜನಿಸಿದ ಶರೀಫರು ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಆ ವೃತ್ತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಅರಸಿದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ! ಆ ಕಾಲದ ಹಳ್ಳಿಯಲ್ಲಿ ಇದೇನು ಸಾಮಾನ್ಯ ಸಂಗತಿಯೆ? ಎರಡು ಕಡೆಯವರೂ ಆಕ್ಷೇಪಿಸಿದರು. ಗುರುಗಳು ಶಿಷ್ಯನನ್ನು ಬಿಡಲಿಲ್ಲ. ತಮ್ಮ ಕೈಯಾರೆ ಜನಿವಾರವನ್ನೇ ತೊಡಿಸಿದರೆಂದು ಪ್ರತೀತಿ. ಇಷ್ಟಾದರೂ ಶರೀಫರು ಹುಟ್ಟಿದ ಧರ್ಮವನ್ನು ತೊರೆದವರಲ್ಲ. ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು ಈ ಅಂಶವೇ.

ಪತ್ನಿ ಫಾತಿಮಾಳನ್ನು ಬೇಗನೆ ಕಳೆದುಕೊಂಡ ಅವರ ಸಂಸಾರದಲ್ಲಿ ಸುಖ ಕಡಿಮೆ. ಹಾಡು ಮಾತ್ರ ಬತ್ತಲಿಲ್ಲ. ಮಗ್ಗ, ಕೋಳಿ, ಮುಪ್ಪಿನ ಮುದುಕಿ ಹೀಗೆ ಕಣ್ಣಿಗೆ ಬಿದ್ದುದೆಲ್ಲ ತತ್ವಪದವಾಯಿತು. ಮೊಹರಂ ಹಬ್ಬಕ್ಕೂ ಪದ ಕಟ್ಟಿದರು, ಹಿಂದೂ ದೇವತೆಗಳನ್ನೂ ಹಾಡಿದರು. ತಮ್ಮ ಊರಿನ ದೈವದ ಹೆಸರನ್ನೇ ಅಂಕಿತವಾಗಿಟ್ಟುಕೊಂಡರು. ನವಲಗುಂದದ ನಾಗಲಿಂಗಸ್ವಾಮಿಗಳು ಅವರ ಆಪ್ತರು. ಶಾಂತಿಗಾಗಿ ಅವರು ಸಂಘ ಕಟ್ಟಲಿಲ್ಲ, ಭಾಷಣ ಮಾಡಲಿಲ್ಲ. ಇಬ್ಬರೂ ಕುಳಿತು ಕೇಳಬಹುದಾದ ಹಾಡನ್ನು ಕೊಟ್ಟರು.

ಅನ್ಯಧರ್ಮಗಳಲ್ಲಿರುವ ಸತ್ಯ ಮತ್ತು ಪಾವಿತ್ರ್ಯವನ್ನು ತಾನು ತಿರಸ್ಕರಿಸುವುದಿಲ್ಲವೆಂದು ನಮ್ಮ ಧರ್ಮಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಘೋಷಿಸಿದ್ದು 1965ರಲ್ಲಿ. ಅಷ್ಟರಲ್ಲಿ ಶರೀಫರು ತೀರಿಕೊಂಡು 76 ವರ್ಷಗಳು ಕಳೆದಿದ್ದವು. ಕೊಂಕಣಿ, ತಮಿಳು, ಮಲಯಾಳ, ಕನ್ನಡ ಮಾತಾಡುವವರು ಒಂದೇ ಪೀಠದ ಮುಂದೆ ಮೊಣಕಾಲೂರುವ ನಮ್ಮ ಮಲೆನಾಡಿನ ವಿಚಾರಣೆಗಳಲ್ಲೂ ಪೂಜೆಯ ಭಾಷೆಗಾಗಿ ಮುನಿಸು ಹುಟ್ಟುವುದುಂಟು. ಅಂಥ ದಿನ ಶರೀಫರ ಒಂದು ಪದವನ್ನು ಕೇಳಬಾರದೇಕೆ?

ಸಿ. ಅಶ್ವಥ್ ಅವರ ಕಂಠದಿಂದ ಈ ಪದಗಳು ಮನೆಮನೆಗೆ ತಲುಪಿದವು. 1990ರಲ್ಲಿ ಟಿ.ಎಸ್. ನಾಗಾಭರಣರು ಶರೀಫರ ಬಾಳನ್ನು ಚಲನಚಿತ್ರವಾಗಿಸಿದರು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು.

1889ರಲ್ಲಿ ಶರೀಫರು ದೇಹ ಬಿಟ್ಟಾಗ ಎರಡೂ ಸಮುದಾಯದವರು ತಮ್ಮ ತಮ್ಮ ವಿಧಿಯಂತೆ ಅವರನ್ನು ಬೀಳ್ಕೊಟ್ಟರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ.