ಪಲ್ಲಾವರದ ಕಲ್ಲು, ಬಳ್ಳಾರಿಯ ಬೂದಿ: ರಾಬರ್ಟ್ ಬ್ರೂಸ್ ಫೂಟ್

ಮಾನವನು ಈ ಭೂಮಿಯಲ್ಲಿ ಎಂದಿನಿಂದ ಇದ್ದಾನೆ? ಈ ಪ್ರಶ್ನೆಗೆ ದಕ್ಷಿಣ ಭಾರತದ ಕಲ್ಲುಗಳಲ್ಲಿ ಉತ್ತರ ಹುಡುಕಿದವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಅವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಅವರ ಕಾರ್ಯಕ್ಷೇತ್ರ ಮದರಾಸು ಪ್ರಾಂತ್ಯವಾಯಿತು.

ಬೈಬಲ್ಲಿನ ವಂಶಾವಳಿಗಳನ್ನು ಎಣಿಸಿ, ಸೃಷ್ಟಿಯು ಕ್ರಿ.ಪೂ. 4004ರಲ್ಲಿ ನಡೆಯಿತೆಂದು ಆರ್ಚ್‌ಬಿಷಪ್ ಅಷರ್ ಹಾಕಿದ್ದ ಲೆಕ್ಕವನ್ನು ಯುರೋಪಿನಲ್ಲಿ ಅನೇಕರು ನಂಬಿದ್ದರು. 1859ರಲ್ಲಿ ಡಾರ್ವಿನ್ನರ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಫ್ರಾನ್ಸಿನ ಸೋಮ್ ಕಣಿವೆಯಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬುಗಳೊಡನೆ ದೊರೆತಿದ್ದ ಕಲ್ಲಿನ ಆಯುಧಗಳನ್ನು ಇಂಗ್ಲೆಂಡಿನ ವಿದ್ವಾಂಸರು ಪರಿಶೀಲಿಸಿ ಮಾನವನಿರ್ಮಿತವೆಂದು ಒಪ್ಪಿದರು. ಹಳೆಯ ಲೆಕ್ಕ ಅಲುಗಾಡಿತು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದ ಜಲ್ಲಿಗುಂಡಿಯೊಂದರಲ್ಲಿ ಫೂಟ್ ಅವರಿಗೆ ಅಂಥದೇ ಕೈಗೊಡಲಿ ದೊರೆಯಿತು. ಕೆಲವೇ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿಯೂ ಆಯುಧಗಳನ್ನು ಕಂಡರು. ಅಲ್ಲಿನ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷವೆಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಫೂಟ್ ಅವರ ಮಾವ ಪೀಟರ್ ಪರ್ಸಿವಲ್ ಕ್ರೈಸ್ತ ಪಾದ್ರಿ, ತಮಿಳು ವಿದ್ವಾಂಸರು. ಧರ್ಮಗ್ರಂಥದ ಓದು, ಕಲ್ಲಿನ ಓದು ಒಂದೇ ಕುಟುಂಬದಲ್ಲಿ ಜೊತೆಯಾಗಿದ್ದವು.

ಫೂಟ್ ಕನ್ನಡ ನಾಡಿನಲ್ಲಿಯೂ ನಡೆದಾಡಿದರು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳಿಗೆ ಜನರು ಪುರಾಣಕಥೆಗಳನ್ನು ಹೆಣೆದಿದ್ದರು. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಇಂದಿಗೂ ನಂಬುತ್ತಾರೆ. ಇಂಥ ದಿಬ್ಬಗಳು ಪ್ರಾಚೀನ ಪಶುಪಾಲಕರ ಸಗಣಿ ಸುಟ್ಟು ಉಳಿದವೆಂದು ಫೂಟ್ ಗುರುತಿಸಿದರು. ಮುಂದಿನ ಉತ್ಖನನಗಳು ಇದನ್ನು ದೃಢಪಡಿಸಿದವು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆಯನ್ನು ಅವರೇ ಹೊತ್ತರು.

1904ರಲ್ಲಿ ಅವರ ಸಂಗ್ರಹವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಅವರು ನೆಲೆಸಿದ್ದ ಏರ್ಕಾಡಿನಲ್ಲಿ, ಹೋಲಿ ಟ್ರಿನಿಟಿ ಚರ್ಚಿನಲ್ಲಿ, ಅವರ ಸ್ಮಾರಕವಿದೆ. ಆಗ ನಮ್ಮ ಹೊಸೂರು, ಕೃಷ್ಣಗಿರಿಗಳೂ ಏರ್ಕಾಡಿನಂತೆ ಸೇಲಂ ಜಿಲ್ಲೆಯವೇ.

ಗಡಿನಾಡಿನ ಕನ್ನಡ ಶಾಲೆಯ ಮಗು ಮನೆಯಲ್ಲಿ ದಶಾವತಾರದ ಕಥೆ ಕೇಳುತ್ತದೆ, ತರಗತಿಯಲ್ಲಿ ಜೀವವಿಕಾಸ ಓದುತ್ತದೆ. ಎರಡರಲ್ಲಿ ಯಾವುದು ನಿಜವೆಂದು ಅದು ಕೇಳಿದರೆ ಗದರಿಸದಿರೋಣ. ಕಥೆಯನ್ನು ಕಥೆಯ ಗೌರವದಿಂದ ಹೇಳೋಣ. ಮಾನವನ ವಯಸ್ಸನ್ನು ತಿಳಿಯಲು ಮಣ್ಣಿನ ಸಾಕ್ಷ್ಯವನ್ನು ನೋಡಬೇಕೆಂದು ಕನ್ನಡದಲ್ಲಿಯೇ ತಿಳಿಸೋಣ. ಚೆನ್ನೈಗೆ ಹೋದಾಗ ಎಗ್ಮೋರಿನ ಆ ವಸ್ತುಸಂಗ್ರಹಾಲಯಕ್ಕೂ ಮಕ್ಕಳನ್ನು ಕರೆದೊಯ್ಯೋಣ.