ಕಣ್ಣು ಮುಚ್ಚಿ ನಿಲ್ಲಿರಿ ಎಂದ ವೈದ್ಯ: ಮೋರಿಟ್ಸ್ ರೋಂಬರ್ಗ್

ದೇಹದ ಭಂಗಿ ಮತ್ತು ಸಮತೋಲನವನ್ನು ಅನುಮಸ್ತಿಷ್ಕ ಕಾಯುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ಕಲಿಸುತ್ತೇವೆ. ಅದು ಸರಿಯೇ. ಆದರೆ ದೇಹ ಎತ್ತ ವಾಲುತ್ತಿದೆ ಎಂಬ ಸುದ್ದಿ ಅನುಮಸ್ತಿಷ್ಕಕ್ಕೆ ಎಲ್ಲಿಂದ ಬರುತ್ತದೆ? ಬೋಧನಾಭ್ಯಾಸದ ಪಾಠಯೋಜನೆಗಾಗಿ ಈ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಸಿಕ್ಕವರು ಜರ್ಮನಿಯ ವೈದ್ಯ ಮೋರಿಟ್ಸ್ ಹೈನ್ರಿಕ್ ರೋಂಬರ್ಗ್.

ರೋಂಬರ್ಗ್ 1795ರಲ್ಲಿ ಮೈನಿಂಗನ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಬರ್ಲಿನ್‌ನಲ್ಲಿ ವೈದ್ಯಶಾಸ್ತ್ರ ಓದಿ 1817ರಲ್ಲಿ ಪದವಿ ಪಡೆದರು. 1820ರಿಂದ ಹಲವು ವರ್ಷ ಅದೇ ನಗರದಲ್ಲಿ ಬಡವರ ವೈದ್ಯರಾಗಿ ದುಡಿದರು. 1831ರಲ್ಲಿ ಕಾಲರಾ ಹರಡಿದಾಗ ಕಾಲರಾ ಆಸ್ಪತ್ರೆಯ ಹೊಣೆ ಹೊತ್ತರು. ನರಗಳ ಬಗ್ಗೆ ಚಾರ್ಲ್ಸ್ ಬೆಲ್ ಬರೆದದ್ದನ್ನು ಜರ್ಮನ್ ಭಾಷೆಗೆ ತಂದರು. ಮುಂದೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1840ರಿಂದ 1846ರವರೆಗೆ ಭಾಗ ಭಾಗವಾಗಿ ಹೊರಬಂದ ಅವರ ಪಠ್ಯಪುಸ್ತಕ ನರರೋಗಗಳನ್ನು ಕ್ರಮಬದ್ಧವಾಗಿ ವಿವರಿಸಿದ ಮೊದಲ ಗ್ರಂಥಗಳಲ್ಲಿ ಒಂದು.

ಆ ಪುಸ್ತಕದಲ್ಲಿ ಟೇಬಿಸ್ ಡಾರ್ಸಾಲಿಸ್ ಎಂಬ ಬೆನ್ನುಹುರಿಯ ರೋಗದ ವಿವರಣೆಯಿದೆ. ಈ ರೋಗಿಗಳು ತಮ್ಮ ಪಾದಗಳನ್ನೇ ನೋಡಿಕೊಂಡು ನಡೆಯುತ್ತಿದ್ದರು. ಕತ್ತಲಾದರೆ ತಡವರಿಸುತ್ತಿದ್ದರು. ರೋಂಬರ್ಗ್ ಅವರನ್ನು ನೆಟ್ಟಗೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಕಣ್ಣು ತೆರೆದಾಗ ನಿಲ್ಲುತ್ತಿದ್ದವರು ಮುಚ್ಚಿದೊಡನೆ ತೂರಾಡತೊಡಗಿದರು. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಇದರ ಹಿಂದಿನ ತರ್ಕವೇ ನಮ್ಮ ಪಾಠದ ತಿರುಳು. ಸಮತೋಲನದ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ತಲೆಯ ಚಲನೆಯನ್ನು ಒಳಕಿವಿ ತಿಳಿಸುತ್ತದೆ. ಪಾದ, ಕೀಲು, ಸ್ನಾಯುಗಳ ಸ್ಥಿತಿಯನ್ನು ನರಗಳು ಬೆನ್ನುಹುರಿಯ ಮೂಲಕ ಸಾಗಿಸುತ್ತವೆ. ಸುತ್ತಲಿನ ಗೋಡೆ, ನೆಲ, ಕಂಬಗಳಿಗೆ ಹೋಲಿಸಿದರೆ ದೇಹ ಎತ್ತ ಸರಿಯುತ್ತಿದೆ ಎಂಬುದನ್ನು ಕಣ್ಣು ಹೇಳುತ್ತದೆ. ಒಂದು ದಾರಿ ಕೆಟ್ಟರೆ ಉಳಿದೆರಡು ಸಾಮಾನ್ಯವಾಗಿ ಕೊರತೆ ತುಂಬುತ್ತವೆ. ಟೇಬಿಸ್ ರೋಗಿಗಳಲ್ಲಿ ಕೆಟ್ಟಿದ್ದು ಬೆನ್ನುಹುರಿಯ ದಾರಿ. ಅದರ ಕೆಲಸವನ್ನೂ ಕಣ್ಣು ಹೊತ್ತಿತ್ತು. ಹೀಗಾಗಿ ಕಣ್ಣು ಮುಚ್ಚಿದಾಗ ಬೀಳುವುದು ಕಣ್ಣಿನ ದೋಷವಲ್ಲ, ಕಣ್ಣು ಮುಚ್ಚಿಟ್ಟಿದ್ದ ಬೇರೊಂದು ದೋಷದ ಗುರುತು. ಅನುಮಸ್ತಿಷ್ಕವೇ ಹಾಳಾದವರು ಕಣ್ಣು ತೆರೆದಿದ್ದಾಗಲೂ ಸ್ಥಿರವಾಗಿ ನಿಲ್ಲಲಾರರು. ಈ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಈ ರೋಗಕ್ಕೆ ಸಿಫಿಲಿಸ್ ಸೋಂಕು ಕಾರಣವೆಂದು ಖಚಿತವಾದದ್ದು ನಂತರದ ದಿನಗಳಲ್ಲಿ. ಪೆನಿಸಿಲಿನ್ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ರೋಂಬರ್ಗ್ ಬಳಿ ಔಷಧವಿರಲಿಲ್ಲ, ಗುಣವಾಗುವ ಭರವಸೆಯನ್ನೂ ಅವರು ಕೊಡಲಿಲ್ಲ. ಆದರೂ ನೋಡುವುದನ್ನು ಬಿಡಲಿಲ್ಲ. 1873ರಲ್ಲಿ ಅವರು ಬರ್ಲಿನ್‌ನಲ್ಲಿ ತೀರಿಕೊಂಡರು. ಗುಣಪಡಿಸಲಾಗದ ರೋಗಿಗಳನ್ನು ಗಮನವಿಟ್ಟು ನೋಡಿದ್ದರಿಂದಲೇ ಮುಂದಿನ ವೈದ್ಯರಿಗೆ ಒಂದು ದಾರಿ ಸಿಕ್ಕಿತು ಎಂಬುದು ಅವರ ಬದುಕಿನಿಂದ ನಾನು ಕಲಿತದ್ದು.

ಇದನ್ನು ತರಗತಿಯಲ್ಲಿ ಮೂರು ಹಂತದಲ್ಲಿ ಮಾಡಿಸಬಹುದು. ಮೊದಲು ಪಾದ ಜೋಡಿಸಿ, ಕಣ್ಣು ತೆರೆದು 30 ಸೆಕೆಂಡು ನಿಲ್ಲುವುದು. ಬಳಿಕ ಕಣ್ಣು ಮುಚ್ಚಿ ಅಷ್ಟೇ ಹೊತ್ತು. ಕೊನೆಗೆ ಮಡಚಿದ ಕಂಬಳಿಯ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಮೆತ್ತನೆಯ ಕಂಬಳಿ ಪಾದದ ಸುದ್ದಿಯನ್ನು ಮಸುಕಾಗಿಸುವುದರಿಂದ ಓಲಾಟ ಹೆಚ್ಚುತ್ತದೆ. ವೃಕ್ಷಾಸನದಲ್ಲಿ ಒಂದೇ ಬಿಂದುವನ್ನು ಏಕೆ ನೋಡುತ್ತೇವೆ ಎಂದು ಕೇಳಿದರೆ ಮಕ್ಕಳೇ ಉತ್ತರ ಕಂಡುಕೊಳ್ಳಬಲ್ಲರು.

ಎರಡು ಎಚ್ಚರಿಕೆಗಳಿವೆ. ಬೆಂಚುಗಳಿಂದ ದೂರದಲ್ಲಿ ನಿಲ್ಲಿಸಿ, ಎರಡೂ ಬದಿಗೆ ಒಬ್ಬೊಬ್ಬರನ್ನು ಆಸರೆಗೆ ಇಡಬೇಕು. ಆರೋಗ್ಯವಂತರೂ ಸ್ವಲ್ಪ ಓಲಾಡುತ್ತಾರೆ. ಆದ್ದರಿಂದ ಯಾವ ಮಗುವಿಗೂ ರೋಗದ ಹಣೆಪಟ್ಟಿ ಹಚ್ಚಬಾರದು, ಯಾರೂ ನಗದಂತೆ ನೋಡಿಕೊಳ್ಳಬೇಕು. ಮಗುವೊಂದು ನಿಜಕ್ಕೂ ನಿಲ್ಲಲಾಗದೆ ಕಷ್ಟಪಟ್ಟರೆ ಪೋಷಕರಿಗೆ ತಿಳಿಸಿ ವೈದ್ಯರ ಬಳಿ ಕಳಿಸುವುದು ನಮ್ಮ ಕರ್ತವ್ಯ.