ಮೇರಿ ಸಾಮರ್‌ವಿಲ್: ತಾನಾಗಿ ಗಣಿತವನ್ನು ಕಲಿತ ವಿದುಷಿ

ಕಡೆಯ ಪರೀಕ್ಷೆಯು ಮುಗಿದೊಡನೆ ಬೀಜಗಣಿತದ ಪುಸ್ತಕವನ್ನು ಅಟ್ಟದ ಮೇಲಿಡುವುದು ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ವಾಡಿಕೆಯಾಗಿದೆ. ಸಂಸಾರಕ್ಕೆ ಕಾಲಿಟ್ಟ ಬಳಿಕ ಅದನ್ನು ಮತ್ತೆ ತೆರೆಯುವ ವಯಸ್ಸು ಮೀರಿತೆಂದು ಅವರೂ ತಿಳಿಯುತ್ತಾರೆ, ಅವರ ಹಿರಿಯರೂ ತಿಳಿಯುತ್ತಾರೆ. ಈ ತಿಳಿವಳಿಕೆಯು ಸರಿಯಲ್ಲವೆಂಬುದಕ್ಕೆ ಮೇರಿ ಸಾಮರ್‌ವಿಲ್ ಎಂಬ ವಿದುಷಿಯ ಜೀವನಚರಿತ್ರೆಗಿಂತ ಉತ್ತಮವಾದ ನಿದರ್ಶನವನ್ನು ನಾವು ಕಾಣೆವು.

ಈಕೆಯು 1780ನೆಯ ಇಸವಿ ಡಿಸೆಂಬರ್ 26ರಂದು ಸ್ಕಾಟ್ಲೆಂಡಿನ ಜೆಡ್‌ಬರದಲ್ಲಿ ಜನಿಸಿದಳು. ತಂದೆಯು ನೌಕಾಪಡೆಯ ಅಧಿಕಾರಿಯಾಗಿದ್ದು ಬಹುಕಾಲ ಸಮುದ್ರದ ಮೇಲೆಯೇ ಇರುತ್ತಿದ್ದುದರಿಂದ, ಬಾಲಕಿಯು ಬರ್ನ್ಟೈಲೆಂಡ್ ಎಂಬ ಕಡಲತೀರದ ಊರಿನಲ್ಲಿ ಸ್ವೇಚ್ಛೆಯಾಗಿ ಬೆಳೆದಳು. ಹತ್ತನೆಯ ವಯಸ್ಸಿನಲ್ಲಿ ಆಕೆಯನ್ನು ಒಂದು ವಸತಿಶಾಲೆಗೆ ಕಳುಹಿಸಿದರು. ಅಲ್ಲಿ ಉಕ್ಕಿನ ಪಟ್ಟಿಯುಳ್ಳ ಬಿಗಿಯಾದ ಒಳಕವಚವನ್ನು ತೊಡಿಸಿ, ನಿಘಂಟಿನ ಪುಟಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದು ವರ್ಷಕ್ಕೆ ಆ ಶಾಲೆಯ ಸಹವಾಸವು ಮುಗಿಯಿತು.

ಗಣಿತದ ಪ್ರವೇಶವು ಆಕೆಗೆ ವಿಚಿತ್ರವಾದ ಬಾಗಿಲಿನಿಂದ ದೊರೆಯಿತು. ಸ್ತ್ರೀಯರ ಉಡುಗೆತೊಡುಗೆಗಳ ಚಿತ್ರಗಳಿದ್ದ ಮಾಸಪತ್ರಿಕೆಯೊಂದರಲ್ಲಿ ಎಕ್ಸ್, ವೈ ಮುಂತಾದ ಅಕ್ಷರಗಳು ಬೆರೆತ ಒಂದು ಸಮಸ್ಯೆಯು ಕಣ್ಣಿಗೆ ಬಿದ್ದಿತು. ಅದು ಬೀಜಗಣಿತವೆಂದು ಗೆಳತಿಯೊಬ್ಬಳಿಂದ ತಿಳಿಯಿತೇ ಹೊರತು ಅದರ ಅರ್ಥವನ್ನು ಬಿಡಿಸಿ ಹೇಳುವವರಿರಲಿಲ್ಲ. ಪುಸ್ತಕದ ಅಂಗಡಿಗೆ ಹೋಗಿ ಅಂತಹ ಗ್ರಂಥವನ್ನು ಕೇಳುವುದು ಅಂದಿನ ಕನ್ಯೆಗೆ ತಕ್ಕುದಲ್ಲ. ಕಡೆಗೆ ತಮ್ಮನ ಉಪಾಧ್ಯಾಯರು ಯೂಕ್ಲಿಡನ ರೇಖಾಗಣಿತವನ್ನೂ ಬಾನಿಕ್ಯಾಸಲ್ ಬರೆದ ಬೀಜಗಣಿತವನ್ನೂ ತಂದುಕೊಟ್ಟರು. ಆಕೆಯು ರಾತ್ರಿಯೆಲ್ಲ ಓದುತ್ತಿದ್ದುದರಿಂದ ಮೇಣದಬತ್ತಿಗಳು ಬೇಗನೆ ಮುಗಿಯತೊಡಗಿದವು. ಸೇವಕರು ದೂರಿತ್ತರು, ದೀಪವನ್ನು ತೆಗೆದುಬಿಡಬೇಕೆಂದು ತಾಯಿಯ ಅಪ್ಪಣೆಯಾಯಿತು. ಅತಿಯಾದ ಓದಿನಿಂದ ಮಗಳ ಬುದ್ಧಿಯು ಭ್ರಮಿಸೀತೆಂದು ತಂದೆಯು ಹೆದರಿದನು. ಆ ಕಾಲದಲ್ಲಿ ಇಂತಹ ಭಯವು ಎಲ್ಲೆಡೆಯೂ ಇದ್ದಿತು. ಆದರೆ ಮಗಳು ಕತ್ತಲಲ್ಲಿ ಮಲಗಿಯೇ ಯೂಕ್ಲಿಡನ ಸಿದ್ಧಾಂತಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಬಿಡಿಸತೊಡಗಿದಳು.

1804ರಲ್ಲಿ ಸ್ಯಾಮ್ಯುಯೆಲ್ ಗ್ರೇಗ್ ಎಂಬವನೊಡನೆ ಆಕೆಯ ವಿವಾಹವಾಯಿತು. ಸ್ತ್ರೀಯರ ಬುದ್ಧಿಶಕ್ತಿಯ ವಿಷಯದಲ್ಲಿ ಆತನಿಗೆ ಗೌರವವಿರಲಿಲ್ಲ. 1807ರಲ್ಲಿ ಆತನು ತೀರಿಕೊಂಡನು. ಇಬ್ಬರು ಎಳೆಯ ಮಕ್ಕಳೊಡನೆ ತೌರಿಗೆ ಮರಳಿದ ಈ ವಿಧವೆಯು, ಬಂಧುಗಳ ಪರಿಹಾಸ್ಯವನ್ನು ಲೆಕ್ಕಿಸದೆ ಬೆಳಗಿನ ಹೊತ್ತು ಪುಸ್ತಕಗಳನ್ನು ತೆರೆದಳು. ತ್ರಿಕೋಣಮಿತಿ, ಶಂಕುಚ್ಛೇದ, ಖಗೋಳಶಾಸ್ತ್ರಗಳು ಒಂದರ ಹಿಂದೆ ಒಂದಾಗಿ ಬಂದವು.

ಗುರುವಿಲ್ಲದೆ ಕಲಿಯುವವರ ಕಷ್ಟವೇನೆಂಬುದನ್ನು ಬೀಜಗಣಿತದ ಭಿನ್ನರಾಶಿಗಳಿಂದಲೇ ನಮ್ಮ ವಾಚಕಿಯರು ಜ್ಞಾಪಿಸಿಕೊಳ್ಳಬಹುದು. ಎಕ್ಸ್‌ಗೆ 3ನ್ನು ಕೂಡಿಸಿದುದು ಅಂಶವೆಂದೂ, ಎಕ್ಸ್‌ಗೆ 1ನ್ನು ಕೂಡಿಸಿದುದು ಛೇದವೆಂದೂ ಇಟ್ಟುಕೊಳ್ಳೋಣ. ಮೇಲಿನ ಎಕ್ಸ್‌ನ್ನೂ ಕೆಳಗಿನ ಎಕ್ಸ್‌ನ್ನೂ ಹೊಡೆದುಹಾಕಿ ಉತ್ತರವು 3 ಎಂದು ಬರೆಯುವುದು ಹೊಸಬರ ಸಾಮಾನ್ಯ ತಪ್ಪು. ಅದನ್ನು ತಿದ್ದಲು ಉಪಾಧ್ಯಾಯರು ಬೇಕಾಗಿಲ್ಲ. ಎಕ್ಸ್‌ನ ಸ್ಥಾನದಲ್ಲಿ 1ನ್ನು ಇಟ್ಟರೆ ಅಂಶವು 4, ಛೇದವು 2, ಬೆಲೆಯು 2. ಆದುದರಿಂದ ಉತ್ತರವು 3 ಆಗಲಾರದು. ಕೂಡಿಸಿದ ಪದಗಳನ್ನು ಹೊಡೆಯಲಾಗದು, ಗುಣಿಸಿದ ಅಪವರ್ತನಗಳನ್ನು ಮಾತ್ರ ಹೊಡೆಯಬಹುದು. ಎಕ್ಸ್ ವರ್ಗದಲ್ಲಿ 1ನ್ನು ಕಳೆದುದು ಅಂಶವಾಗಿ, ಎಕ್ಸ್‌ನಲ್ಲಿ 1ನ್ನು ಕಳೆದುದು ಛೇದವಾಗಿದ್ದರೆ, ಅಂಶವು ಎರಡು ಅಪವರ್ತನಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಒಂದು ಛೇದವೇ ಆಗಿರುವುದರಿಂದ, ಎಕ್ಸ್‌ಗೆ 1ನ್ನು ಕೂಡಿಸಿದುದೇ ಉತ್ತರ. 3ನ್ನು ಇಟ್ಟು ನೋಡಿದರೆ 8ನ್ನು 2ರಿಂದ ಭಾಗಿಸಿ 4; ಉತ್ತರವೂ 4. ಎಕ್ಸ್‌ನ ಬೆಲೆಯು 1 ಆಗಿರಬಾರದೆಂಬುದಷ್ಟೇ ಕಟ್ಟಳೆ, ಏಕೆಂದರೆ ಆಗ ಛೇದವು ಸೊನ್ನೆಯಾಗುವುದು. ಹೀಗೆ ಸತ್ಯಾಸತ್ಯವನ್ನು ತಾನೇ ಪರೀಕ್ಷಿಸಿಕೊಳ್ಳುವ ಸ್ವಾತಂತ್ರ್ಯವನ್ನು ಗಣಿತವು ಒಂಟಿಯಾಗಿ ಕಲಿಯುವವರಿಗೆ ಕೊಡುತ್ತದೆ.

1811ರಲ್ಲಿ ಗಣಿತಪತ್ರಿಕೆಯೊಂದರ ಸಮಸ್ಯೆಯನ್ನು ಬಿಡಿಸಿದುದಕ್ಕಾಗಿ ಮೇರಿಗೆ ಬೆಳ್ಳಿಯ ಪದಕವು ದೊರೆಯಿತು. 1812ರಲ್ಲಿ ಆಕೆಯು ವಿಲಿಯಂ ಸಾಮರ್‌ವಿಲ್ ಎಂಬ ವೈದ್ಯನನ್ನು ವರಿಸಿದಳು. ಈತನು ಪತ್ನಿಯ ವಿದ್ಯೆಯನ್ನು ಕಂಡು ಹಿಗ್ಗುವವನು. ಆಕೆಗಾಗಿ ಪುಸ್ತಕಗಳನ್ನು ಹುಡುಕಿ ತರುತ್ತಿದ್ದನು, ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದನು. 1827ರಲ್ಲಿ ಬ್ರೂಮ್ ಪ್ರಭುವು ಫ್ರಾನ್ಸಿನ ಲಾಪ್ಲಾಸನ ಖಗೋಳಗ್ರಂಥವನ್ನು ಇಂಗ್ಲಿಷಿನಲ್ಲಿ ವಿವರಿಸಬೇಕೆಂದು ಆಕೆಯನ್ನು ಕೇಳಿಕೊಂಡನು. ಕೆಲಸವು ಗುಟ್ಟಾಗಿರಬೇಕು, ಸರಿಬಾರದಿದ್ದರೆ ಬರಹವನ್ನು ಸುಟ್ಟುಬಿಡಬೇಕು ಎಂಬ ನಿಬಂಧನೆಯ ಮೇಲೆ ಆಕೆ ಒಪ್ಪಿದಳು. ಅತಿಥಿಗಳು ಬಂದೊಡನೆ ಕಾಗದಗಳನ್ನು ಮರೆಮಾಡಿ ಉಪಚರಿಸುವಳು. ಅವರು ಹೋದೊಡನೆ ಮತ್ತೆ ಬರೆಯುವಳು. 1831ರಲ್ಲಿ, ಆಕೆಗೆ ಐವತ್ತು ವರ್ಷಗಳಾದಾಗ, ಆ ಗ್ರಂಥವು ಪ್ರಕಟವಾಯಿತು. ಹುಡುಗಿಯರಿಗೆ ಪ್ರವೇಶವೇ ಇಲ್ಲದಿದ್ದ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅದನ್ನು ಮೇಲ್ತರಗತಿಯ ವಿದ್ಯಾರ್ಥಿಗಳಿಗೆ ಓದಿಸಿದರು.

1835ರಲ್ಲಿ ಇಂಗ್ಲೆಂಡಿನ ರಾಯಲ್ ಖಗೋಳ ಸಂಘವು ಆಕೆಯನ್ನೂ ಕ್ಯಾರೊಲಿನ್ ಹರ್ಷೆಲಳನ್ನೂ ಗೌರವಸದಸ್ಯೆಯರನ್ನಾಗಿ ಆರಿಸಿತು. ರಾಯಲ್ ಸೊಸೈಟಿಯು ಆಕೆಯ ಶಿಲಾಪ್ರತಿಮೆಯನ್ನು ತನ್ನ ಮಂದಿರದಲ್ಲಿ ಇರಿಸಿತಾದರೂ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಳ್ಳಲಿಲ್ಲ. ಇಳಿವಯಸ್ಸಿನಲ್ಲಿಯೂ ಆಕೆಯ ಅಭ್ಯಾಸವು ನಿಲ್ಲಲಿಲ್ಲ. 1869ರಲ್ಲಿ ಕೊನೆಯ ವಿಜ್ಞಾನಗ್ರಂಥವನ್ನು ಪ್ರಕಟಿಸಿ, 1872ರ ನವೆಂಬರ್ 29ರಂದು ಇಟಲಿಯ ನೇಪಲ್ಸ್ ನಗರದಲ್ಲಿ ಆಕೆಯು ದಿವಂಗತಳಾದಳು.

1879ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರಿಗಾಗಿ ತೆರೆದ ವಿದ್ಯಾಶಾಲೆಗೆ ಆಕೆಯ ಹೆಸರನ್ನೇ ಇಟ್ಟರು. 1889ರಲ್ಲಿ ನಮ್ಮ ದೇಶದ ಕ್ರೈಸ್ತ ಪಾದ್ರಿಯೊಬ್ಬರ ಪುತ್ರಿ, ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿಯು ಅಲ್ಲಿಗೆ ಸೇರಿ ನ್ಯಾಯಶಾಸ್ತ್ರವನ್ನು ಓದಿದಳು. ದೀಪವನ್ನು ಕಳೆದುಕೊಂಡ ಬಾಲಿಕೆಯ ಹೆಸರಿನ ಮನೆಯಲ್ಲಿ ಭಾರತದ ಮಗಳಿಗೂ ದೀಪವು ದೊರೆಯಿತು.

ಮಕ್ಕಳ ಓದಿಗೆ ಹೆದರಬೇಡಿರೆಂದು ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಅಟ್ಟದ ಮೇಲಣ ಪುಸ್ತಕವನ್ನು ಕೆಳಗಿಳಿಸಿ, ಬಿಟ್ಟಲ್ಲಿಂದ ಒಂದು ಲೆಕ್ಕವನ್ನು ಮುಂದುವರಿಸಿದರೆ ಈ ಚರಿತ್ರೆಯನ್ನು ಬರೆದುದು ಸಾರ್ಥಕವಾಯಿತೆಂದು ತಿಳಿಯುವೆವು.